ಸಮಸ್ಯಾಪೂರಣ: ಹುಲಿಯು ಬಿಸಿಲನೆ ಮೇದು ತಣಿದುದು

ಪೃಚ್ಛಕ: ಈ ಸಲದ ಸಮಸ್ಯೆ ಭಾಮಿನಿ ಷಟ್ಪದಿಯ ಕೊನೆಯ ಸಾಲು. ಈ ಅಸಂಗತ ಸಾಲಿಗೆ ಅರ್ಥ ಕೂಡುವಂತೆ ಮೊದಲ ಐದು ಸಾಲುಗಳನ್ನು ನೀವು ಹೊಸೆಯಬೇಕು.

ಹುಲಿಯು ಬಿಸಿಲನೆ ಮೇದು ತಣಿದುದು ಕಾಡ ನಡುವಿನಲಿ

ಹಸಿದರೂ ಹುಲಿ ಹುಲ್ಲು ತಿನ್ನದು ಎಂಬ ಗಾದೆಯಿದೆ. ಇಲ್ಲಿ ಬಿಸಿಲನ್ನೇ ಮೇಯಬೇಕಾಗಿದೆ. ಮೈ ಕಾಯಿಸಿಕೊಂಡಿತೆಂದು ಜಾರಿಕೊಳ್ಳಬೇಡಿ, ಬಿಸಿಲು ಹೊಟ್ಟೆಗೇ ಇಳಿಯಬೇಕು. ಪ್ರಾಸಾಕ್ಷರ, ಎಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರ, ‘ಲ’.

ಹೊಂಗೆನೆರಳು:

ಎಲೆಯು ಸೆಳೆಯಿತು ಸೂರ್ಯರಶ್ಮಿಯ
ನೆಲದ ನೀರಿನ ಜೊತೆಗೆ ಬೆಸೆಯಿತು
ಹುಲುಸು ಹುಲ್ಲಲಿ ಬೆಳಕು ಸಿಹಿಯಾಗಡಗಿತೊಳಗೊಳಗೆ
ಮೆಲುತಲದನೇ ಜಿಂಕೆ ಕೊಬ್ಬಿತು
ಬಲದಿ ಕೊರಳಿಗೆ ಕೋರೆಯಿಟ್ಟಾ
ಹುಲಿಯು ಬಿಸಿಲನೆ ಮೇದು ತಣಿದುದು ಕಾಡ ನಡುವಿನಲಿ

ಪೃಚ್ಛಕ: ಐದನೆಯ ಸಾಲಿನ ತುದಿಯಿಂದಲೇ ಹುಲಿ ನೆಗೆಯುತ್ತದೆ, ಬಹಳ ಸೊಗಸು! ಆದರೆ ಎರಡನೆಯ ಸಾಲಿನಲ್ಲಿ ಗಾಳಿ ಇಲ್ಲ. ಹುಲ್ಲಿನ ಸಕ್ಕರೆಗೆ ಬೇಕಾದ ಇಂಗಾಲವೆಲ್ಲ ಗಾಳಿಯ ಇಂಗಾಲದ ಡೈಆಕ್ಸೈಡ್‌ನಿಂದಲೇ ಬರಬೇಕು. ನೀರೊಂದರಿಂದಲೇ ಹುಲ್ಲಿಗೆ ಮೈ ಬರುವುದಿಲ್ಲ.

ಹೊಂಗೆನೆರಳು: ‘ಜಲವ ಗಾಳಿಯನೊಡನೆ ಬೆಸೆಯಿತು’ ಎಂದಿರಲಿ. ಮಾತ್ರೆಯೂ ಕೂಡುತ್ತದೆ.

ಮುಂಜಾವು: ಒಂದು ಹುಲಿಗೆ ಅಷ್ಟು ದೊಡ್ಡ ಕಾಡು ಏಕೆ ಬೇಕು? ನನ್ನ ಪೂರಣ ಆ ಪ್ರಶ್ನೆಯಿಂದ ಹುಟ್ಟಿತು. ಪರಿಸರ ವಿಜ್ಞಾನಿ ರೇಮಂಡ್ ಲಿಂಡೆಮನ್ ಒಂದು ಸಣ್ಣ ಸರೋವರದ ಜೀವಿಗಳನ್ನು ಅಭ್ಯಸಿಸಿ, ಆಹಾರವಾಗುವ ಜೀವಿಯಿಂದ ಅದನ್ನು ತಿನ್ನುವ ಜೀವಿಗೆ, ಹೀಗೆ ಮೆಟ್ಟಿಲಿನಿಂದ ಮೆಟ್ಟಿಲಿಗೆ ಶಕ್ತಿ ಎಷ್ಟು ದಾಟುತ್ತದೆಂದು 1942ರಲ್ಲಿ ಲೆಕ್ಕ ಕೊಟ್ಟರು.

ಹಲವು ಪಾಲದು ಬಿಸಿಯ ರೂಪದಿ
ತೊಲಗಿ ಹೋಗಲು ಮೆಟ್ಟಿಲೊಂದಕೆ
ಸಲುವುದೊಂದೇ ಪಾಲು ಹತ್ತರಲೆಂಬ ಲೆಕ್ಕದಲಿ
ಮಲೆಯ ತುಂಬಾ ಹುಲ್ಲು ಹರಡಿರೆ
ಕೆಲವೆ ಜಿಂಕೆಗಳದರೊಳೊಂದೇ
ಹುಲಿಯು ಬಿಸಿಲನೆ ಮೇದು ತಣಿದುದು ಕಾಡ ನಡುವಿನಲಿ

ಹೊಂಗೆನೆರಳು: ಹುಲ್ಲು, ‘ಕೆಲವೆ’, ‘ಒಂದೇ’ ಎಂದು ಪದ್ಯವೇ ಗೋಪುರದಂತೆ ಕಿರಿದಾಗುತ್ತಾ ಹೋಗಿದೆ. ನನ್ನದಕ್ಕಿಂತ ಇದೇ ಮೇಲು.

ಕಡಲಂಚು: ಒಪ್ಪಿದೆ. ಆದರೂ ಹತ್ತರಲ್ಲಿ ಒಂದು ಎಂಬುದು ಸ್ಥೂಲ ಸರಾಸರಿ. ಜೀವಿಯಿಂದ ಜೀವಿಗೆ ಅದು ಹೆಚ್ಚು ಕಡಿಮೆಯಾಗುತ್ತದೆ. ಉಳಿದದ್ದೆಲ್ಲ ಅಲ್ಲಲ್ಲೇ ಬಿಸಿಯಾಗಿ ಹೋಗುವುದೂ ಇಲ್ಲ. ಜಿಂಕೆ ಮುಟ್ಟದ ಹುಲ್ಲು, ಅದರ ಹಿಕ್ಕೆ, ಹುಲಿ ಬಿಟ್ಟ ಮೂಳೆ, ಇವೆಲ್ಲ ಶಿಲೀಂಧ್ರ, ಬ್ಯಾಕ್ಟೀರಿಯಾಗಳ ಪಾಲು. ಅವುಗಳ ಉಸಿರಾಟದಲ್ಲಿಯೂ ಶಕ್ತಿ ಬಿಸಿಯಾಗಿ ಚದುರುತ್ತದೆ. ಸಾರಜನಕ, ರಂಜಕ ಮಣ್ಣಿಗಿಳಿದು ಮತ್ತೆ ಬೇರಿಗೆ ಸಿಗುತ್ತವೆ. ಚದುರಿದ ಬಿಸಿಯನ್ನು ಯಾವ ಎಲೆಯೂ ಹಿಡಿದು ಸಕ್ಕರೆ ಮಾಡಲಾರದು. ಇದನ್ನೂ ಯಾರಾದರೂ ಪದ್ಯಕ್ಕೆ ತರಬೇಕು.

ಪೃಚ್ಛಕ: ಅದಕ್ಕೆ ಇನ್ನೊಂದು ಷಟ್ಪದಿಯೇ ಬೇಕು, ಬರೆಯುವವರು ಬರೆಯಿರಿ. ಜೊತೆಗೆ ಮುಂದಿನ ಸಮಸ್ಯೆ, ಪ್ರಾಸಾಕ್ಷರ ‘ರ’:

ಕುರುಡುಗತ್ತಲೆಯುಂಡು ಬಾಳಿತು ಕಡಲ ಕುಲವೊಂದು

ಸುಳಿವು: 1977ರಲ್ಲಿ ಗ್ಯಾಲಪಗೋಸ್ ದ್ವೀಪಗಳ ಬಳಿ ಕಡಲತಳದಲ್ಲಿ ಕಂಡ ಬಿಸಿನೀರಿನ ಬುಗ್ಗೆಗಳು. ಅಲ್ಲಿ ಎಲೆಯ ಕೆಲಸವನ್ನು ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್‌ನ ಬಲದಿಂದ ಮಾಡುತ್ತವೆ.