‘ವಾಹಕ’ ಎಂಬ ಒಂದೇ ಪದ ಸಾಕೆ? – ಕಪ್ಪುನೊಣ, ಬಸವನಹುಳ, ಸೈಕ್ಲಾಪ್ಸ್

ಪ್ರಶ್ನೆ:
ಸೆನೆಗಲ್, ಘಾನಾ, ಬುರ್ಕಿನಾ ಫಾಸೊ ಹಳ್ಳಿಗಳ ಪರೋಪಜೀವಿ ರೋಗಗಳ ಸಂಶೋಧನೆ ಕುರಿತ ಲೇಖನವೊಂದು ಅನುವಾದವಾಗುತ್ತಿದೆ. ಕರಡಿನಲ್ಲಿ ಕಪ್ಪುನೊಣ, ಸಿಹಿನೀರಿನ ಬಸವನಹುಳ, ಸೈಕ್ಲಾಪ್ಸ್ (ಕೆರೆನೀರಿನ ಅತಿಚಿಕ್ಕ ಜೀವಿ) ಮೂರಕ್ಕೂ ‘ರೋಗವಾಹಕ’ ಎಂದೇ ಇದೆ. ಮೂಲದಲ್ಲಿರುವುದು ವೆಕ್ಟರ್, ಇಂಟರ್‌ಮೀಡಿಯೆಟ್ ಹೋಸ್ಟ್, ಕ್ಯಾರಿಯರ್, ರಿಸರ್ವಾಯರ್ ಎಂಬ ನಾಲ್ಕು ಪದ. ಇವನ್ನು ಕನ್ನಡದಲ್ಲಿ ಬೇರ್ಪಡಿಸಲೇಬೇಕೆ? ಇಂಟರ್‌ಮೀಡಿಯೆಟ್ ಹೋಸ್ಟ್‌ಗೆ ‘ಮಧ್ಯಂತರ ಆತಿಥೇಯ’ ಎಂದರೆ ಓದುಗರಿಗೆ ಎಟುಕೀತೆ?

ಉತ್ತರ 1:
ಬೇರ್ಪಡಿಸಲೇಬೇಕು. ಪದಶುದ್ಧಿಯ ಹಟಕ್ಕಾಗಿ ಅಲ್ಲ. ಯಾವುದರಿಂದ ದೂರವಿದ್ದರೆ ರೋಗ ತಪ್ಪುತ್ತದೆ ಎಂಬ ಅರ್ಥವೇ ಈ ಪದದ ಮೇಲೆ ನಿಂತಿದೆ. ‘ವಾಹಕ’ದಲ್ಲಿ ಹೊರುವುದೂ ಇದೆ, ಹೊತ್ತು ತಂದು ಮುಟ್ಟಿಸುವುದೂ ಇದೆ. ಕಪ್ಪುನೊಣಕ್ಕೆ ಇದು ಚೆನ್ನಾಗಿ ಒಪ್ಪುತ್ತದೆ: ಕಣ್ಣು ಕುರುಡಾಗಿಸಬಲ್ಲ ಆಂಕೋಸರ್ಕ ಹುಳದ ಮರಿಗಳನ್ನು ಸೋಂಕಿತರ ಚರ್ಮದಿಂದ ಕಚ್ಚುವಾಗ ಹೀರಿಕೊಳ್ಳುತ್ತದೆ, ಅವು ತನ್ನ ಮೈಯಲ್ಲಿ ಬಲಿತ ಮೇಲೆ ಇನ್ನೊಬ್ಬರನ್ನು ಕಚ್ಚಿ ದಾಟಿಸುತ್ತದೆ.

ಬಸವನಹುಳ ಯಾರ ಬಳಿಗೂ ಏನನ್ನೂ ಒಯ್ಯುವುದಿಲ್ಲ. ರೋಗಿಯ ಮೂತ್ರ ಇಲ್ಲವೆ ಮಲದೊಡನೆ ನೀರಿಗೆ ಬಿದ್ದ ಸ್ಕಿಸ್ಟೋಸೋಮ ಎಂಬ ಪರೋಪಜೀವಿ ಹುಳದ ಮೊಟ್ಟೆ ಒಡೆದು ಮರಿ ಹೊರಬರುತ್ತದೆ. ಸುಮಾರು ಒಂದು ದಿನದೊಳಗೆ ಅದಕ್ಕೆ ತಕ್ಕ ಜಾತಿಯ ಬಸವನಹುಳ ಸಿಗಬೇಕು, ಸಿಗದಿದ್ದರೆ ಸಾಯುತ್ತದೆ. ಪಶ್ಚಿಮ ಆಫ್ರಿಕದಲ್ಲಿ ಮೂತ್ರಕೋಶವನ್ನು ಕಾಡುವ ಹುಳಕ್ಕೆ ಬುಲೈನಸ್ ಬಸವನಹುಳ ಬೇಕು, ಕರುಳನ್ನು ಕಾಡುವ ಹುಳಕ್ಕೆ ಬಯೋಂಫಲೇರಿಯ. ಹೊಕ್ಕದ್ದು ಒಂದೇ ಮರಿಯಾದರೂ ಕೆಲವು ವಾರಗಳಲ್ಲಿ ಅದು ಸಾವಿರಗಟ್ಟಲೆ ಬಾಲದ ಮರಿಗಳಾಗಿ ನೀರಿಗಿಳಿಯುತ್ತದೆ. ಇವನ್ನು ಸರ್ಕೇರಿಯ ಎನ್ನುತ್ತಾರೆ. ಮನುಷ್ಯರ ಚರ್ಮ ಕೊರೆದು ಒಳಹೋಗುವುದು ಇವೇ, ತಾವೇ ಈಜಿಕೊಂಡು ಬಂದು.

ಈಗ ‘ಬಸವನಹುಳ ರೋಗವಾಹಕ’ ಎಂದು ಬರೆದರೆ ಓದುಗರು ಏನೆಂದುಕೊಳ್ಳುತ್ತಾರೆ? ಅದನ್ನು ಮುಟ್ಟಬಾರದು, ತಿನ್ನಬಾರದು ಎಂದು. ಮೊಣಕಾಲುದ್ದ ನೀರಿನಲ್ಲಿ ನಿಂತು ಬಟ್ಟೆ ಒಗೆಯುವುದೇ ಅಪಾಯ ಎಂಬುದು ಪದದ ಹಿಂದೆ ಮರೆಯಾಗುತ್ತದೆ. ಕುಡಿಯುವ ನೀರನ್ನಷ್ಟೇ ಕುದಿಸಿ ಕಾಲುವೆಯಲ್ಲಿ ಮಿಂದರೆ ಪ್ರಯೋಜನವಿಲ್ಲ. ಅದೇ ನೀರನ್ನು ಬಸವನಹುಳ ಇಲ್ಲದ ತೊಟ್ಟಿಯಲ್ಲಿ ಎರಡು ದಿನ ನಿಲ್ಲಿಸಿದರೆ ಸರ್ಕೇರಿಯ ಸತ್ತುಹೋಗುತ್ತವೆ, ಸ್ನಾನಕ್ಕೆ ಬಳಸಬಹುದು.

ಸೆನೆಗಲ್ ಭಾಗದಲ್ಲಿ ಈ ತಪ್ಪು ಇನ್ನೂ ದುಬಾರಿ. 1986ರಲ್ಲಿ ಸೆನೆಗಲ್ ನದಿಯ ಡಯಾಮಾ ಅಣೆಕಟ್ಟು ಸಮುದ್ರದ ಉಪ್ಪುನೀರನ್ನು ತಡೆಯಿತು. ಕಬ್ಬಿನ ಕಾಲುವೆಗಳ ರಿಷಾರ್ ಟೋಲ್ ಪಟ್ಟಣದ ಸುತ್ತಮುತ್ತ ವರ್ಷವಿಡೀ ಸಿಹಿನೀರು ನಿಂತು ಬಯೋಂಫಲೇರಿಯ ಹೆಚ್ಚಿತು. 1988ರಲ್ಲಿ ಕರುಳಿನ ಬಗೆಯ ರೋಗ ಅಲ್ಲಿ ಕಾಣಿಸಿಕೊಂಡಿತು. ಮೊಟ್ಟೆ ಬಂದದ್ದು ಸೋಂಕಿತ ಜನರೊಡನೆ, ಬಸವನಹುಳ ಕೊಟ್ಟದ್ದು ಬೆಳೆಯಲು ಎಡೆ. ಅದನ್ನು ವಾಹಕ ಎಂದರೆ ಕಾರಣವೇ ತಲೆಕೆಳಗು.

ಒಂದು ಮಾತು ಮಾತ್ರ ಒಪ್ಪಬೇಕು. ಇಂಗ್ಲಿಷಿನಲ್ಲೂ ಈ ಗೆರೆ ಬಿಗಿಯಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ವೆಕ್ಟರ್‌ಗಳ ಪಟ್ಟಿಯಲ್ಲಿ ಬಸವನಹುಳವೂ ಇದೆ. ಕಪ್ಪುನೊಣ ಏಕಕಾಲಕ್ಕೆ ವಾಹಕವೂ ಹೌದು, ಮಧ್ಯಂತರ ಆತಿಥೇಯವೂ ಹೌದು. ಮಲೇರಿಯದಲ್ಲಂತೂ ಪರೋಪಜೀವಿಯ ಗಂಡುಹೆಣ್ಣು ಕೂಡುವುದು ಸೊಳ್ಳೆಯ ಹೊಟ್ಟೆಯಲ್ಲಾದ್ದರಿಂದ ಸೊಳ್ಳೆಯೇ ಅಂತಿಮ ಆತಿಥೇಯ, ನಾವು ಮಧ್ಯಂತರ!

‘ಮಧ್ಯಂತರ’ ಎಂದೊಡನೆ ಬಜೆಟ್ಟು, ‘ಆತಿಥೇಯ’ ಎಂದೊಡನೆ ಕ್ರಿಕೆಟ್ ತಂಡ ನೆನಪಾಗುವುದು ನಿಜ. ಆದರೂ ಮೊದಲ ಸಲ ಬರುವಾಗ ‘ಹುಳದ ಮರಿ ನಡುವೆ ಬೆಳೆಯಲು ಆಸರೆಯಾಗುವ ಜೀವಿ’ ಎಂದು ಬಿಡಿಸಿ ಹೇಳಿ, ಮುಂದೆ ಪದವನ್ನು ಬಳಸಿದರೆ ಸಾಕು. ‘ಮಧ್ಯವರ್ತಿ’ ಬೇಡ, ಅದು ದಲ್ಲಾಳಿ. ಮತ್ತೆ, ‘ಅತಿಥೇಯ’ ಅಲ್ಲ, ‘ಆತಿಥೇಯ’. ಕರಡಿನಲ್ಲಿ ಎರಡೂ ಇವೆಯೇ ನೋಡಿ.

ಉತ್ತರ 2:
ಮೇಲಿನದಕ್ಕೆ ಸಹಮತ. ಸೈಕ್ಲಾಪ್ಸ್ ಬಗ್ಗೆ ಸೇರಿಸುವುದಿದೆ. ಅದನ್ನು ‘ನೀರುಚಿಗಟ’ ಎಂದು ಕನ್ನಡಿಸುವ ಆಸೆ ಬೇಡ. ಚಿಗಟ ಎಂದರೆ ಕಚ್ಚುತ್ತದೆ, ಪ್ಲೇಗ್ ನೆನಪಾಗುತ್ತದೆ. ಸೈಕ್ಲಾಪ್ಸ್ ಕಚ್ಚುವುದಿಲ್ಲ, ನಾವೇ ಅದನ್ನು ನೀರಿನೊಡನೆ ನುಂಗುತ್ತೇವೆ. ಜಠರದಲ್ಲಿ ಅದು ಸತ್ತು ಅದರೊಳಗಿನ ನಾರುಹುಳದ ಮರಿ ಬಿಡುಗಡೆಯಾಗುತ್ತದೆ. ಸುಮಾರು ಒಂದು ವರ್ಷದ ಮೇಲೆ ಒಂದು ಮೀಟರಿನವರೆಗೆ ಬೆಳೆದ ಹೆಣ್ಣುಹುಳ ಹೆಚ್ಚಾಗಿ ಕಾಲಿನಲ್ಲಿ ಗುಳ್ಳೆಯೆಬ್ಬಿಸಿ ಹೊರಬರುತ್ತದೆ. ಉರಿ ತಾಳದೆ ಕಾಲನ್ನು ಕೆರೆಗೆ ಇಳಿಬಿಟ್ಟರೆ ಮರಿಗಳು ನೀರಿಗೆ ಸೇರಿ ಮತ್ತೆ ಸೈಕ್ಲಾಪ್ಸ್ ಹೊಟ್ಟೆಗೆ. ಹಾಗಾಗಿ ನೀರನ್ನು ಒತ್ತುನೆಯ್ಗೆಯ ಬಟ್ಟೆಯಲ್ಲಿ ಸೋಸಿದರೆ ಸರಪಳಿ ಕಡಿಯುತ್ತದೆ. ‘ವಾಹಕ’ ಎಂದು ಓದಿದವರಿಗೆ ಸೋಸುವುದು ಹೊಳೆಯುವುದಿಲ್ಲ, ಸೊಳ್ಳೆಪರದೆ ಹೊಳೆಯುತ್ತದೆ.

ಈ ರೋಗಕ್ಕೆ ‘ಗಿನಿ ಹುಳು ರೋಗ’ ಎಂದು ಹೊಸದಾಗಿ ಹೆಸರಿಡುವುದೂ ಬೇಡ. ನಮ್ಮಲ್ಲಿ ನಾರುಹುಣ್ಣು ಇದ್ದೇ ಇದೆ. ಕರ್ನಾಟಕವೂ ಈ ರೋಗವಿದ್ದ ರಾಜ್ಯ; ಭಾರತ ಮುಕ್ತವೆಂದು ಪ್ರಮಾಣಿತವಾದದ್ದು 2000ದಲ್ಲಿ, ಘಾನಾ 2015ರಲ್ಲಿ. ಹುಣ್ಣು ರೋಗದ ಹೆಸರು. ಜೀವಿಯನ್ನು ಹೇಳುವಾಗ ‘ನಾರುಹುಳ’ ಎನ್ನಿ. ‘ನಾರುಹುಣ್ಣನ್ನು ಕಡ್ಡಿಗೆ ಸುತ್ತಿ ಎಳೆಯುತ್ತಾರೆ’ ಎಂಬಂಥ ವಾಕ್ಯ ತಪ್ಪು. ಸುತ್ತುವುದು ಹುಳವನ್ನು, ಅದೂ ದಿನಕ್ಕೆ ಕೆಲವೇ ಸೆಂಟಿಮೀಟರ್. ಅವಸರದಲ್ಲಿ ಹರಿದರೆ ಒಳಗುಳಿದ ತುಂಡಿನಿಂದ ಕೀವು, ಬಾವು.

ಕಪ್ಪುನೊಣ ದಾಟಿಸುವ ರೋಗಕ್ಕೆ ‘ನದಿ ಕುರುಡು’ ಎಂಬ ಹೆಸರೂ ದಾರಿ ತಪ್ಪಿಸುತ್ತದೆ, ನದಿನೀರು ಕುಡಿದರೆ ಕಣ್ಣು ಹೋಗುತ್ತದೆ ಎಂಬಂತೆ. ಕಪ್ಪುನೊಣದ ಮರಿಗಳು ರಭಸದ ನೀರಿನ ಬಂಡೆಗಳಿಗೆ ಅಂಟಿ ಬೆಳೆಯುವುದರಿಂದ ಹೊಳೆಯ ದಂಡೆಯ ಊರುಗಳಿಗೆ ಹೆಚ್ಚು ಕಾಟ. ನನ್ನ ಆಯ್ಕೆ ‘ಹೊಳೆದಂಡೆ ಕುರುಡು’. ‘ನೊಣ’ದ ಜೊತೆ ಮೊದಲ ಸಲ ‘ಕಚ್ಚುವ’ ಸೇರಿಸಿ, ಇಲ್ಲದಿದ್ದರೆ ತಿಪ್ಪೆಯ ನೊಣ ಎಂದುಕೊಳ್ಳುತ್ತಾರೆ. 1974ರಲ್ಲಿ ವೋಲ್ಟಾ ನದಿ ಪ್ರದೇಶದಲ್ಲಿ ಆರಂಭವಾದ ನಿಯಂತ್ರಣ ಕಾರ್ಯಕ್ರಮ ವಿಮಾನದಿಂದ ಔಷಧ ಸಿಂಪಡಿಸಿದ್ದು ತಿಪ್ಪೆಗಲ್ಲ, ಹರಿಯುವ ಹೊಳೆಗೆ.

ಪ್ರಶ್ನೆ ಕೇಳಿದವರಿಂದ:
ಕ್ಯಾರಿಯರ್, ರಿಸರ್ವಾಯರ್ ಉಳಿದವು. ಕರಡಿನಲ್ಲಿ ‘ನಾಯಿಗಳು ನಾರುಹುಳದ ಜಲಾಶಯ’ ಎಂದಿದೆ.

ಉತ್ತರ 1:
ಅಣೆಕಟ್ಟಿನ ಲೇಖನದಲ್ಲೇ! ರಿಸರ್ವಾಯರ್ ಎಂದರೆ ಇಲ್ಲಿ ರೋಗಕಾರಕ ಉಳಿದುಕೊಂಡು ಮತ್ತೆ ಹರಡಲು ನೆಲೆಯಾದ ಜೀವಿ, ‘ಸೋಂಕಿನ ಆಗರ’ ಎನ್ನಿ. ಮಾಲಿಯಲ್ಲಿ ನಾಯಿಗಳಲ್ಲೂ ಈ ಹುಳ ಕಂಡುಬಂದಿರುವುದರಿಂದ ಆ ವಾಕ್ಯ ಮುಖ್ಯವಾದದ್ದೇ. ಕ್ಯಾರಿಯರ್ ಎಂದರೆ ಲಕ್ಷಣವಿಲ್ಲದೆ ಸೋಂಕು ಇಟ್ಟುಕೊಂಡ ಮನುಷ್ಯ ಇಲ್ಲವೆ ಪ್ರಾಣಿ, ‘ಸೋಂಕುಧಾರಿ’ ಸಾಕು. ಬಸವನಹುಳದ ವಾಕ್ಯವನ್ನು ಹೀಗೆ ತಿದ್ದಬಹುದು: ‘ಹುಳದ ಮರಿಗಳು ಬಸವನಹುಳದಲ್ಲಿ ಬೆಳೆದು ನೀರಿಗಿಳಿಯುತ್ತವೆ, ಆ ನೀರಿಗಿಳಿದವರ ಚರ್ಮದ ಮೂಲಕ ಮೈ ಸೇರುತ್ತವೆ.’ ಇದರಲ್ಲಿ ಪಾರಿಭಾಷಿಕ ಪದವೇ ಬೇಕಾಗಲಿಲ್ಲ.