ರಾತ್ರಿ 3 ಗಂಟೆಗೆ ಕೂಗುವ ಬೆಕ್ಕು, ಬೆಳಗ್ಗೆ ಭೇದಿ

ಸಾಧನಕೇರಿ, ಧಾರವಾಡ:
ನಮ್ಮ ಕರಿಯನಿಗೆ 11 ವರ್ಷ. ತಿಂಗಳಿಂದ ರಾತ್ರಿ 3ಕ್ಕೆ ಎದ್ದು ಅಡುಗೆಮನೆ ಬಾಗಿಲಲ್ಲಿ ಕೂತು ಒಂದೇ ಸಮನೆ ಕೂಗುತ್ತಾನೆ. ಮೇಲಿನ ಮನೆಯವರು 'ಮಗು ಅಳ್ತಿದೆಯಾ?' ಅಂತ ಕೇಳಿದರು. ಬಾಯಿ ಮುಚ್ಚಲಿ ಅಂತ ಒಂದು ಬಟ್ಟಲು ಎಮ್ಮೆ ಹಾಲು ಇಡುತ್ತೇನೆ. ಕುಡಿದು ಸುಮ್ಮನಾಗುತ್ತಾನೆ. ಬೆಳಗ್ಗೆ ನೋಡಿದರೆ ಕಾಲೊರಸಿನ ಮೇಲೆ ನೀರುನೀರು, ಹುಳಿ ವಾಸನೆ. (ಮಾವನವರು ಗುಟ್ಟಾಗಿ ಫೇಡೆನೂ ತಿನ್ನಿಸುತ್ತಾರೆ!) ತಿನ್ನೋದು ಜಾಸ್ತಿಯಾಗಿದೆ, ಆದರೆ ಬೆನ್ನು ಸವರಿದರೆ ಮೂಳೆ ಸಿಗುತ್ತೆ.

ಗದಗದಿಂದ:
ಹಾಲು, ಫೇಡೆ ಎರಡೂ ಬಂದ್ ಮಾಡಿ. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲಿನೊಳಗಿನ ಸಕ್ಕರೆ ಅರಗುವುದಿಲ್ಲ. ಕೂಗಿದರೆ ಹಾಲು ಬರುತ್ತೆ ಅಂತ ನೀವೇ ಕಲಿಸಿದ್ದೀರಿ, ಅಲ್ವಾ?

ವಿದ್ಯಾನಗರ, ಹುಬ್ಬಳ್ಳಿ:
ಹಾಲು ನಿಲ್ಲಿಸಿ ಸರಿ, ಆದರೆ ಅಷ್ಟಕ್ಕೇ ಬಿಡಬೇಡಿ. ಜಾಸ್ತಿ ತಿಂದೂ ಸೊರಗುವುದು, ರಾತ್ರಿ ಕೂಗುವುದು, ಭೇದಿ. ವಯಸ್ಸಾದ ಬೆಕ್ಕಿಗೆ ಥೈರಾಯ್ಡ್ ಏರಿದರೆ ಹೀಗೇ ಆಗುತ್ತೆ. ನಮ್ಮ ಬೆಕ್ಕಿಗೂ ಆಗಿತ್ತು. ಮೊದಲು ತೋರಿಸಿದ ಕಡೆ ಜಂತುಹುಳದ ಮಾತ್ರೆ ಕೊಟ್ಟು ಕಳಿಸಿದರು, ಎರಡು ತಿಂಗಳು ಸುಮ್ನೆ ಹೋಯಿತು. ನೀವು ರಕ್ತಪರೀಕ್ಷೆ ಕೇಳಿ. ಥೈರಾಯ್ಡ್ ಜೊತೆ ಕಿಡ್ನಿ, ಸಕ್ಕರೆನೂ ನೋಡಲಿ. ಬೆಳಗಿನ ಮಲವನ್ನು ಡಬ್ಬಿಯಲ್ಲಿ ಒಯ್ಯಿರಿ. ಮನೆಯಲ್ಲಿರೋ ಮನುಷ್ಯರ ಮಾತ್ರೆ ಕೊಡಬೇಡಿ. ಪ್ಯಾರಾಸಿಟಮಾಲ್ ಬೆಕ್ಕಿನ ಜೀವ ತೆಗೆಯುತ್ತೆ.

ಸಾಧನಕೇರಿ, ಧಾರವಾಡ:
ಥೈರಾಯ್ಡ್ ಬೆಕ್ಕಿಗೂ ಇರುತ್ತೆ ಅಂತ ಗೊತ್ತೇ ಇರಲಿಲ್ಲ. ನಾಳೆ ಕರೆದೊಯ್ಯುತ್ತೇನೆ. ಫೇಡೆ ಡಬ್ಬಿ ಈಗ ಅಟ್ಟದ ಮೇಲಿದೆ. ಮಾವನವರು ಮುನಿಸಿಕೊಂಡಿದ್ದಾರೆ.