ಶುಗರ್ ಕಾಯಿಲೆಯೇ ಇಲ್ಲ, ಆದರೂ ಬೆಳಗಿನ ಜಾವ ಶುಗರ್ ಇಳಿಯುತ್ತಿದೆ

ಹೊಳಲ್ಕೆರೆಯ ನಮ್ಮ ಚಿಕ್ಕಮ್ಮನಿಗೆ 46 ವರ್ಷ. ಎದೆಯಲ್ಲಿ ದೊಡ್ಡ ಗಂಟು, ಫಿಲ್ಲೋಡಿಸ್ ಗಡ್ಡೆ (ಸ್ತನದಲ್ಲಿ ಬರೋ ಒಂದು ಅಪರೂಪದ ಗಡ್ಡೆ) ಅಂದಿದ್ದಾರೆ. ಈಗ ಬೆಳಗಿನ ಜಾವ ಬೆವರು, ನಡುಕ. ಶುಗರ್ ನೋಡಿದರೆ 45. ಯಾರ ಮನೆಯಲ್ಲಾದರೂ ಹೀಗಾಗಿದೆಯಾ?

– ಅಕ್ಕ, ನಮ್ಮವ್ವನಿಗೆ ಇದೇ ಆಗಿತ್ತು. ನಾವು ದಾವಣಗೆರೆ, ನಿಟುವಳ್ಳಿಯವರು. ಒಂದಿನ ನಾಲ್ಕು ಗಂಟೆಗೆ ಎದ್ದು ನೋಡಿದರೆ ದಿಂಬು ತೊಯ್ದು ತೊಪ್ಪೆಯಾಗಿದೆ, ಅವ್ವ ಸೆರಗಿನ ತುದಿ ಮಡಚುತ್ತಾ ಬಿಚ್ಚುತ್ತಾ ಕೂತಿದ್ದಾಳೆ, ನನ್ನನ್ನೇ ನೋಡಿ "ಯಾರವ್ವಾ ನೀನು?" ಅಂದಳು. ಅಜ್ಜಿ ಗಾಳಿ ಸೋಕಿದೆ ಅಂತ ದೃಷ್ಟಿ ತೆಗೆದರು. ಪಕ್ಕದ ಮನೆಯ ಗ್ಲೂಕೋಮೀಟರ್ ತಂದು ನೋಡಿದರೆ 38! ಬೆಲ್ಲದ ನೀರು ಕುಡಿಸಿ ಕಾಲು ಗಂಟೆಗೆ ಮಾತು ಸರಿಯಾಯಿತು.

ಮೊದಲು ತೋರಿಸಿದ ಕಡೆ ಸರಿಯಾಗಿ ಊಟ ಮಾಡಿ ಅಂತ ಕಳಿಸಿಬಿಟ್ಟರು. ಗಂಟಿನ ವಿಷಯ ಅವ್ವ ನಾಚಿಕೆಯಿಂದ ಹೇಳಿರಲೇ ಇಲ್ಲ, ಅದಾಗಲೇ ತೆಂಗಿನಕಾಯಿ ಗಾತ್ರ ಆಗಿತ್ತು. ಎರಡಕ್ಕೂ ಸಂಬಂಧ ಇದೆ ಅಂತ ಗೊತ್ತಾಗೋಕೆ ಮೂರು ವಾರ ಹಿಡಿಯಿತು. ನೀವು ಎರಡನ್ನೂ ಒಟ್ಟಿಗೇ ಹೇಳಿ.

ಅಪರೂಪಕ್ಕೆ ಇಂಥ ದೊಡ್ಡ ಗಡ್ಡೆ ಐಜಿಎಫ್-2 ಅನ್ನೋ ಪದಾರ್ಥ ಬಿಡುತ್ತದೆ. ಅದು ಇನ್ಸುಲಿನ್ ಥರಾನೇ ಕೆಲಸ ಮಾಡಿ ರಕ್ತದ ಸಕ್ಕರೆ ಇಳಿಸುತ್ತದೆ, ಲಿವರ್ ಸಕ್ಕರೆ ಬಿಡೋದನ್ನೂ ತಡೆಯುತ್ತದೆ. ಆಗ ದೇಹ ತನ್ನ ಇನ್ಸುಲಿನ್ ತಯಾರಿಸೋದನ್ನ ಕಡಿಮೆ ಮಾಡುತ್ತದೆ. ಆದ್ದರಿಂದಲೇ ಶುಗರ್ ಇಳಿದಿದ್ದಾಗ ಆಸ್ಪತ್ರೆಯಲ್ಲಿ ತೆಗೆದ ರಕ್ತದಲ್ಲಿ ಅವ್ವನ ಇನ್ಸುಲಿನ್, ಅದರ ಜೊತೆಗೇ ತಯಾರಾಗೋ ಸಿ-ಪೆಪ್ಟೈಡ್ ಎರಡೂ ಕಡಿಮೆ ಇದ್ದವು. ಪೊಟ್ಯಾಷಿಯಂ ಕೂಡ ಇಳಿದಿತ್ತು, ಅದನ್ನೂ ನೋಡಿಸಿ. ಮನೆಯಲ್ಲಿ ಮಾತ್ರ ಟೆಸ್ಟಿಗೆ ಅಂತ ಕಾಯಬೇಡಿ, 70ಕ್ಕಿಂತ ಕೆಳಗೆ ಬಂದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕೊಡಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, 108ಕ್ಕೆ ಫೋನ್ ಮಾಡಿ.

ಆಪರೇಷನ್ನಿನವರೆಗೆ ನಾನು ರಾತ್ರಿ ಎರಡಕ್ಕೆ ಅಲಾರಾಂ ಇಟ್ಟು ಎಬ್ಬಿಸಿ ಹಾಲು, ಬಾಳೆಹಣ್ಣು ಕೊಡ್ತಿದ್ದೆ. ಬಾಳೆಹಣ್ಣು ನೋಡಿದರೇ ಅಳು ಬರುತ್ತಿತ್ತು ಪಾಪ ಅವಳಿಗೆ. ಡಾಕ್ಟರ್ ಸ್ಟಿರಾಯ್ಡ್ ಮಾತ್ರೆ, ಗ್ಲೂಕೋಸ್ ಡ್ರಿಪ್ ಕೊಟ್ಟರು. ಅವು ಅಲ್ಲಿವರೆಗೆ ತಡೆಯೋಕೆ ಅಷ್ಟೇ, ಗಡ್ಡೆ ತೆಗೆಯೋದೇ ನಿಜವಾದ ಔಷಧಿ. ತೆಗೆದ ಮಾರನೇ ದಿನ ಡ್ರಿಪ್ ಇಲ್ಲದೇ 112 ಬಂತು.

– ಚಿತ್ರದುರ್ಗದಿಂದ. ನಮ್ಮ ಅತ್ತಿಗೆಗೂ ಆಗಿತ್ತು. ಒಂದು ಮಾತು ಸೇರಿಸ್ತೀನಿ ತಂಗಿ. ಈ ಗಡ್ಡೆ ಮತ್ತೆ ಬರಬಹುದು, ಅದಕ್ಕೇ ಸುತ್ತಲಿನ ಒಳ್ಳೆಯ ಭಾಗವನ್ನೂ ಸ್ವಲ್ಪ ಸೇರಿಸಿ ತೆಗೀತಾರೆ. ಅತ್ತಿಗೆಗೆ ಎರಡು ವರ್ಷದ ಮೇಲೆ ಮತ್ತೆ ಬೆವರು ಶುರುವಾಯಿತು, ಸ್ಕ್ಯಾನ್ ಮಾಡಿದರೆ ಅದೇ ಜಾಗದಲ್ಲಿ ಗಂಟು. ಬೇಗ ಸಿಕ್ಕಿತು, ತೆಗೆದರು, ಈಗ ಹುಷಾರಾಗಿದ್ದಾರೆ. ಆಪರೇಷನ್ ಆಯ್ತು ಅಂತ ಗ್ಲೂಕೋಮೀಟರ್ ಯಾರಿಗೂ ಕೊಟ್ಟುಬಿಡಬೇಡಿ.